ದೊಡ್ಡ ಅಕ್ವೇರಿಯಂ ಇಟ್ಟರೆ ಕೆಲಸ ಕಡಿಮೆಯೇ? ಬಕೆಟ್ ಲೆಕ್ಕ ಹಾಕಿ ನೋಡೋಣ

"ಅಕ್ವೇರಿಯಂ ಎಷ್ಟು ದೊಡ್ಡದೋ ಕೆಲಸ ಅಷ್ಟು ಕಡಿಮೆ. 4 ಅಡಿ ಟ್ಯಾಂಕ್ ಇಟ್ಟು, ಒಳ್ಳೆ ಫಿಲ್ಟರ್ ಹಾಕಿ, ಒಂದು ಸಕ್ಕರ್ ಮೀನು ಬಿಟ್ಟರೆ ಆರು ತಿಂಗಳು ನೀರು ಬದಲಾಯಿಸಬೇಕಿಲ್ಲ. ದಿನಾ ಮೀನು ನೋಡುತ್ತಾ ಕೂತರೆ ಬಿಪಿ ಇಳಿಯುತ್ತದೆ. ಮೀನು ಸತ್ತರೆ ಚಿಂತೆ ಬೇಡ, ಮನೆಗೆ ಬರಬೇಕಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು ಎಂದರ್ಥ."

ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮಗೆ ಇದನ್ನು ಕಳಿಸಿದವರು ದಾವಣಗೆರೆಯ ಓದುಗರೊಬ್ಬರು. ಜೊತೆಗೆ ಹೀಗೆ ಬರೆದಿದ್ದರು: "ಮಗ ಬೆಂಗಳೂರಲ್ಲಿದ್ದಾನೆ. ಅಪ್ಪನಿಗೆ ಬಿಪಿ ಅಂತ ನಮ್ಮ ಹಾಲ್‌ಗೆ 4 ಅಡಿ ಟ್ಯಾಂಕ್ ಹಾಕಿಸ್ತೀನಿ ಅಂತಿದಾನೆ. ಯಜಮಾನರಿಗೆ 67 ವರ್ಷ, ನನಗೆ ಸೊಂಟ ನೋವು. ನಿಜವಾಗಲೂ ಕೆಲಸ ಇರಲ್ವಾ?"

ಕೆಲಸ ಇದೆ ಅಮ್ಮ. ಎಷ್ಟಿದೆ ಎಂದು ಲೆಕ್ಕ ಹಾಕಿ ತೋರಿಸುತ್ತೇವೆ. ಆದರೆ ಈ ಸಂದೇಶದಲ್ಲಿ ಒಂದು ಮಾತು ಅರ್ಧ ನಿಜ. ಮೊದಲು ಅದನ್ನು ನೋಡಿಬಿಡೋಣ.

ಅರ್ಧ ನಿಜ ಯಾವುದು?

ದೊಡ್ಡ ಟ್ಯಾಂಕಿನ ನೀರು ಬೇಗ ಕೆಡುವುದಿಲ್ಲ ಎನ್ನುವುದು ನಿಜ. 20 ಲೀಟರಿನ ಗಾಜಿನ ಬುಂಡೆಯಲ್ಲಿ ಒಂದು ಸಣ್ಣ ಮೀನು ಸತ್ತು ಕಲ್ಲಿನ ಹಿಂದೆ ಕೊಳೆತರೆ ಉಳಿದ ಮೀನುಗಳ ಕಥೆಯೂ ಒಂದೆರಡು ದಿನದಲ್ಲಿ ಮುಗಿಯಬಹುದು. ಅದೇ ಮೀನು 400 ಲೀಟರ್ ನೀರಿನಲ್ಲಿ ಕೊಳೆತರೆ ಅದರಿಂದ ಬಂದ ವಿಷ 20 ಪಟ್ಟು ತೆಳುವಾಗುತ್ತದೆ, ನಿಮ್ಮ ಕಣ್ಣಿಗೆ ಬೀಳುವವರೆಗೆ ಸಮಯ ಸಿಗುತ್ತದೆ. ಬಿಸಿಲು, ಚಳಿಗೆ ಸಣ್ಣ ಬುಂಡೆಯ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ದೊಡ್ಡ ಟ್ಯಾಂಕು ನಿಧಾನ. ಹೀಗಾಗಿಯೇ ಮೀನು ಸಾಕುವುದರಲ್ಲಿ ಪಳಗಿದವರು "ತೀರಾ ಸಣ್ಣದು ಬೇಡ" ಎನ್ನುತ್ತಾರೆ. ಫಾರ್ವರ್ಡ್ ಬರೆದವರು ಈ ಮಾತನ್ನು ಎತ್ತಿಕೊಂಡು "ಕೆಲಸವೇ ಇಲ್ಲ" ಎಂದು ಮಾಡಿಬಿಟ್ಟಿದ್ದಾರೆ.

ಇನ್ನೊಂದು ವಿಷಯವನ್ನು ಅವರು ಬಿಟ್ಟಿದ್ದಾರೆ. ದೊಡ್ಡ ಟ್ಯಾಂಕು ತಂದವರು ಅದರಲ್ಲಿ ಐದು ಮೀನು ಬಿಟ್ಟು ಸುಮ್ಮನಿರುವುದಿಲ್ಲ. "ಜಾಗ ಇದೆಯಲ್ಲ" ಎಂದು ಇನ್ನೊಂದು ಜೋಡಿ, ಮತ್ತೊಂದು ಜೋಡಿ ಬರುತ್ತದೆ. ಮೀನು ಹೆಚ್ಚಾದ ಹಾಗೆ ನೀರು ತೆಳುವಾಗಿಸುವ ಲಾಭವೂ ಕರಗುತ್ತದೆ.

ಬಕೆಟ್ ಲೆಕ್ಕ

4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಎಂದರೆ ಸುಮಾರಾಗಿ 120, 60, 60 ಸೆಂಟಿಮೀಟರ್. ಗುಣಿಸಿದರೆ 432 ಲೀಟರ್. ಮೇಲೆ ಸ್ವಲ್ಪ ಖಾಲಿ ಬಿಟ್ಟು, ಕೆಳಗೆ ಜಲ್ಲಿ ಹಾಕಿದರೆ ನೀರು ಸುಮಾರು 400 ಲೀಟರ್ ಹಿಡಿಯುತ್ತದೆ ಎಂದುಕೊಳ್ಳೋಣ.

ಸಾಮಾನ್ಯವಾಗಿ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಬೇಕು. ಕಾಲು ಭಾಗ ಅಂದರೆ 100 ಲೀಟರ್. ಮನೆಯ ಸ್ನಾನದ ಬಕೆಟ್ 15 ಲೀಟರಿನದಾದರೆ ಏಳು ಬಕೆಟ್ ಹೊರಗೆ, ಏಳು ಬಕೆಟ್ ಒಳಗೆ. ಒಂದು ಲೀಟರ್ ನೀರಿಗೆ ಒಂದು ಕೆಜಿ ತೂಕ. ವಾರಕ್ಕೆ 200 ಕೆಜಿ ಎತ್ತಬೇಕು. ವರ್ಷಕ್ಕೆ 10 ಟನ್‌ಗಿಂತ ಹೆಚ್ಚು. ಹಾಲ್‌ನಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಲ್‌ಗೆ, ಒದ್ದೆ ಟೈಲ್ಸ್ ಮೇಲೆ. ಮನೆಯಲ್ಲಿ ಈ ಕೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ನಾವು ಹೇಳಬೇಕಾಗಿಲ್ಲ. ಟ್ಯಾಂಕ್ ಆಸೆಪಟ್ಟು ತಂದವರಂತೂ ಬಹಳ ಮನೆಗಳಲ್ಲಿ ಮೂರನೇ ತಿಂಗಳಿಗೆ ಬಕೆಟ್ ಮುಟ್ಟುವುದಿಲ್ಲ.

ಪೈಪ್ ಇದ್ದರೆ ಬೆನ್ನು ಉಳಿಯುತ್ತದೆ. ಉದ್ದನೆಯ ಪೈಪಿನಿಂದ ಸೈಫನ್ ಮಾಡಿ ನೀರನ್ನು ನೇರವಾಗಿ ಬಚ್ಚಲಿಗೋ ಗಿಡಗಳಿಗೋ ಬಿಡಬಹುದು. ಹೊಸ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಚಿಕ್ಕ ಪಂಪಿನಿಂದ ಏರಿಸಬಹುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಹಾಗಾಗಿ ನೇರವಾಗಿ ಟ್ಯಾಂಕಿಗೆ ಬಿಡಬಾರದು. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಅಂಗಡಿಯಲ್ಲಿ "ಆಂಟಿ ಕ್ಲೋರಿನ್" ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಹಾಕುತ್ತಾರೆ. ಹಿಡಿದಿಟ್ಟ ಡ್ರಮ್ ಮಾತ್ರ ವಾರಗಟ್ಟಲೆ ತೆರೆದಿರಬಾರದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು. ಟ್ಯಾಂಕಿನಲ್ಲಿ ಮೀನಿರುತ್ತದೆ, ಮರಿ ತಿಂದುಬಿಡುತ್ತದೆ. ಡ್ರಮ್ಮಿನಲ್ಲಿ ತಿನ್ನುವವರಿಲ್ಲ.

ತೆಗೆದ ನೀರನ್ನು ಚರಂಡಿಗೆ ಬಿಡಬೇಡಿ. ಅದರಲ್ಲಿ ಗಿಡಕ್ಕೆ ಬೇಕಾದ ಸಾರಜನಕ ಇದೆ, ಕರಿಬೇವು, ದಾಸವಾಳ ಚೆನ್ನಾಗಿ ಬರುತ್ತವೆ. ಟ್ಯಾಂಕಿಗೆ ಉಪ್ಪು ಅಥವಾ ಔಷಧ ಹಾಕಿದ ವಾರ ಮಾತ್ರ ಬೇಡ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದು, ಕೈತೋಟಕ್ಕೆ ಹಾಕುವುದು ನಿಷೇಧಿಸಿ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಟ್ಯಾಂಕರ್‌ಗೆ ಕಾಯುವ ಬೇಸಿಗೆಯಲ್ಲಿ ವಾರಕ್ಕೆ 100 ಲೀಟರ್ ಎಲ್ಲಿಂದ ತರುವುದು ಎಂದು ಅಕ್ವೇರಿಯಂ ಕೊಳ್ಳುವ ಮೊದಲೇ ಯೋಚಿಸುವುದು ಒಳ್ಳೆಯದು.

ಫಿಲ್ಟರ್ ಇದ್ದಮೇಲೆ ನೀರು ಯಾಕೆ ಬದಲಾಯಿಸಬೇಕು?

ನಮಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಫಿಲ್ಟರ್ ಎಂದ ಕೂಡಲೇ ನಮ್ಮ ತಲೆಗೆ ಬರುವುದು ಅಡುಗೆಮನೆಯ ವಾಟರ್ ಫಿಲ್ಟರ್. ಕೊಳೆ ಒಂದು ಕಡೆ ನಿಲ್ಲುತ್ತದೆ, ಶುದ್ಧ ನೀರು ಇನ್ನೊಂದು ಕಡೆ ಬರುತ್ತದೆ. ಅಕ್ವೇರಿಯಂ ಫಿಲ್ಟರಿನ ಮುಖ್ಯ ಕೆಲಸ ಬೇರೆಯೇ.

ಮೀನು ತನ್ನ ಕಿವಿರಿನಿಂದ, ಮಲಮೂತ್ರದಿಂದ ಅಮೋನಿಯ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯ. ಇದು ಮೀನಿಗೆ ವಿಷ, ಕಿವಿರನ್ನೇ ಸುಡುತ್ತದೆ. ಫಿಲ್ಟರಿನ ಸ್ಪಂಜು, ಸೆರಾಮಿಕ್ ಉಂಗುರಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಈ ಅಮೋನಿಯವನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಬಳಿಕ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಇದರ ವಿಷ ಬಹಳ ಕಡಿಮೆ. ಮೊದಲ ಹೆಜ್ಜೆ ನೈಟ್ರೊಸೊಮೊನಾಸ್ ಬಗೆಯವುಗಳದ್ದು, ಎರಡನೆಯದು ನೈಟ್ರೊಸ್ಪೈರಾ ಬಗೆಯವುಗಳದ್ದು ಎಂದು ಪಾಠ ಹೇಳುತ್ತಿದ್ದರು. ಕೆಲವು ನೈಟ್ರೊಸ್ಪೈರಾಗಳು ಎರಡೂ ಹೆಜ್ಜೆಯನ್ನು ಒಂಟಿಯಾಗಿ ಮುಗಿಸುತ್ತವೆ ಎಂದು 2015ರಲ್ಲಿ ಗೊತ್ತಾಯಿತು.

ಹಾಗಾದರೆ ನೈಟ್ರೇಟ್ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ನೀರೊಳಗಿನ ಗಿಡಗಳು ಸ್ವಲ್ಪ ಹೀರಿಕೊಳ್ಳುತ್ತವೆ, ಉಳಿದದ್ದು ಅಲ್ಲೇ ಸೇರುತ್ತಾ ಹೋಗುತ್ತದೆ. ಟ್ಯಾಂಕಿನ ನೀರು ಆವಿಯಾಗಿ ಕಡಿಮೆಯಾದಾಗ ಮೇಲಿಂದ ತುಂಬಿಸುತ್ತೇವಲ್ಲ ಎಂದು ಕೆಲವರು ಕೇಳುತ್ತಾರೆ. ಒಲೆಯ ಮೇಲೆ ಸಾರು ಇಂಗಿತೆಂದು ನೀರು ಹಾಕುತ್ತೀರಿ. ಪಾತ್ರೆಯಲ್ಲಿದ್ದ ಉಪ್ಪು ಎಲ್ಲಾದರೂ ಹೋಯಿತೇ? ಇಲ್ಲೂ ಹಾಗೆಯೇ. ಬೋರ್‌ವೆಲ್ ನೀರಾದರೆ ಪ್ರತಿ ಸಲ ತುಂಬಿಸಿದಾಗಲೂ ಹೊಸ ಲವಣ ಸೇರುತ್ತದೆ.

ಒಂದು ಚಿಕ್ಕ ಲೆಕ್ಕ. ಒಂದು ಟ್ಯಾಂಕಿನಲ್ಲಿ ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಹೆಚ್ಚುತ್ತದೆ ಎಂದುಕೊಳ್ಳಿ. ಪ್ರತಿ ವಾರ ಅರ್ಧ ನೀರು ಬದಲಾಯಿಸಿದರೆ ಅದು ಕ್ರಮೇಣ 20ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಕಾಲು ಭಾಗ ಬದಲಾಯಿಸಿದರೆ 40ರಲ್ಲಿ ನಿಲ್ಲುತ್ತದೆ. "ಎರಡು ಬಕೆಟ್ ತೆಗೆದರೆ ಸಾಕಲ್ಲ" ಎಂದು ಹತ್ತನೇ ಒಂದು ಭಾಗ ಮಾತ್ರ ಬದಲಾಯಿಸಿದರೆ 100ರವರೆಗೂ ಏರುತ್ತದೆ. ಏನೂ ಮಾಡದೆ ಆರು ತಿಂಗಳು ಬಿಟ್ಟರೆ 260. ನೀರು ನೋಡಲು ಅಷ್ಟೂ ದಿನ ಕನ್ನಡಿಯ ಹಾಗೆ ತಿಳಿಯಾಗಿಯೇ ಇರಬಹುದು. ಫಾರ್ವರ್ಡ್ ನಂಬಿದವರು ಮೋಸಹೋಗುವುದು ಇಲ್ಲೇ. ಅಮೋನಿಯಕ್ಕಾಗಲಿ ನೈಟ್ರೇಟಿಗಾಗಲಿ ಬಣ್ಣವಿಲ್ಲ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಟ್ಯಾಂಕಿಗೆ ಬಣ್ಣದ ಗೊಂಬೆ ಕೊಳ್ಳುವ ದುಡ್ಡಿನಲ್ಲಿ ಅದನ್ನು ಕೊಳ್ಳಿ ಎಂದು ನಾವು ಹೇಳುತ್ತೇವೆ.

"ಆರ್‌ಓ ನೀರು ಹಾಕಿದರೆ ಬದಲಾಯಿಸಬೇಕಿಲ್ಲ" ಎನ್ನುವುದೂ ಸುಳ್ಳು. ಅದರಲ್ಲಿ ಖನಿಜಾಂಶ ತೀರಾ ಕಡಿಮೆ, ನೀರಿನ ಪಿಎಚ್ ಒಮ್ಮೆಲೇ ಕುಸಿಯುವ ಅಪಾಯವಿದೆ. ಸಾಲದ್ದಕ್ಕೆ ಒಂದು ಲೀಟರ್ ಆರ್‌ಓ ನೀರಿಗೆ ಅದಕ್ಕಿಂತ ಹೆಚ್ಚು ನೀರು ಚರಂಡಿ ಸೇರುತ್ತದೆ.

ಕಂಟಕ ಹೊತ್ತುಕೊಂಡು ಹೋದ ಮೀನುಗಳು

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ತಂಡದ ಒಬ್ಬರ ಮನೆಗೆ ಕೆಲವು ವರ್ಷದ ಹಿಂದೆ ಟ್ಯಾಂಕ್ ಬಂತು. ಬೆಳಿಗ್ಗೆ ನೀರು ತುಂಬಿಸಿ ಸಂಜೆ ಹನ್ನೊಂದು ಗೋಲ್ಡ್‌ಫಿಶ್ ಬಿಟ್ಟರು. ವಾರದೊಳಗೆ ನಾಲ್ಕು ಸತ್ತವು. ಅಜ್ಜಿ "ಹೋಗಲಿ ಬಿಡು, ಏನೋ ಬರೋದು ಅದಕ್ಕೆ ಹೋಯ್ತು" ಎಂದರು. ಭಾನುವಾರ ಎಲ್ಲರೂ ಸೇರಿ ಉಳಿದ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಪೂರ್ತಿ ನೀರು ಚೆಲ್ಲಿ, ಜಲ್ಲಿಯನ್ನು ಅಕ್ಕಿ ತೊಳೆದ ಹಾಗೆ ತೊಳೆದು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಪಳಪಳ ಎನ್ನುವಂತೆ ಮಾಡಿ ಮತ್ತೆ ತುಂಬಿಸಿದರು. ಬುಧವಾರದ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಆಗಿದ್ದು ಇಷ್ಟೇ. ಹೊಸ ಟ್ಯಾಂಕಿನಲ್ಲಿ ಆ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಅವು ಬಹಳ ನಿಧಾನವಾಗಿ ಬೆಳೆಯುತ್ತವೆ, ಸಾಕಷ್ಟಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರೊಳಗೆ ಮೀನು ತುಂಬಿದರೆ ಅವು ತಮ್ಮದೇ ಅಮೋನಿಯದಲ್ಲಿ ಉಸಿರುಗಟ್ಟುತ್ತವೆ. ಅಲ್ಪಸ್ವಲ್ಪ ಬೆಳೆದಿದ್ದ ಬ್ಯಾಕ್ಟೀರಿಯಾಗಳನ್ನು ಭಾನುವಾರದ ಕ್ಲೋರಿನ್ ನೀರು ಕೊಂದುಹಾಕಿತ್ತು. ಹೊಸ ಟ್ಯಾಂಕಿನ ಮೀನುಗಳು ಮೊದಲ ತಿಂಗಳಲ್ಲಿ ಸಾಯುವುದು ಬಹಳ ಮನೆಗಳಲ್ಲಿ ನಡೆಯುವುದರಿಂದ "ಕಂಟಕ ತೆಗೆದುಕೊಂಡು ಹೋಯಿತು" ಎಂಬ ಮಾತಿಗೆ ಪ್ರತಿ ಮನೆಯಲ್ಲೂ ಸಾಕ್ಷಿ ಸಿಗುತ್ತದೆ! ಅಜ್ಜಿಯ ಮಾತಿನಲ್ಲಿ ಮಗುವನ್ನು ಸಮಾಧಾನ ಮಾಡುವ ಪ್ರೀತಿಯಿತ್ತು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಸಮಾಧಾನದಿಂದ ಯಾರೂ ನೀರು ಪರೀಕ್ಷಿಸುವುದಿಲ್ಲ, ಮರುವಾರ ಅಂಗಡಿಗೆ ಹೋಗಿ ಮತ್ತೆ ಹನ್ನೊಂದು ಮೀನು ತರುತ್ತಾರೆ.

ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಗುರವಾಗಿ ಜಾಲಿಸಿದರೆ ಸಾಕು. ಸೋಪು, ಡಿಟರ್ಜೆಂಟ್ ಹತ್ತಿರವೂ ಸುಳಿಯಬಾರದು. ಪೂರ್ತಿ ನೀರು ಖಾಲಿ ಮಾಡಿ ತೊಳೆಯುವ ಪದ್ಧತಿಯನ್ನೇ ಬಿಟ್ಟುಬಿಡಿ.

ಗಡಿಯಾರ ಇಟ್ಟುಕೊಂಡರೆ

ದಿನಾ ಊಟ ಹಾಕುವುದು, ಮೀನು ಎಣಿಸುವುದು, ಫಿಲ್ಟರ್ ಓಡುತ್ತಿದೆಯೇ ನೋಡುವುದು ಸೇರಿ 10 ನಿಮಿಷ. ಎಣಿಸುವುದು ಯಾಕೆ ಎಂದರೆ, ಕಾಣೆಯಾದ ಮೀನು ಎಲ್ಲೋ ಕೊಳೆಯುತ್ತಿರುತ್ತದೆ. ವಾರಕ್ಕೊಮ್ಮೆ ಗಾಜಿನ ಪಾಚಿ ಉಜ್ಜಿ, ಜಲ್ಲಿಯ ಕಸ ಎಳೆದು, ನೀರು ಬದಲಾಯಿಸಿ, ನೆಲ ಒರೆಸುವಷ್ಟರಲ್ಲಿ ಒಂದೂವರೆ ಗಂಟೆ. ತಿಂಗಳಿಗೊಮ್ಮೆ ಫಿಲ್ಟರ್ ಬಿಚ್ಚಿ ಜೋಡಿಸಲು ಒಂದು ಗಂಟೆ. ವರ್ಷಕ್ಕೆ ಕೂಡಿಸಿದರೆ ಸುಮಾರು 150 ಗಂಟೆ. ಎಂಟು ಗಂಟೆಯ ಡ್ಯೂಟಿ ಲೆಕ್ಕದಲ್ಲಿ 19 ದಿನ. ಇದು ಎಲ್ಲವೂ ಸರಿಯಿದ್ದ ವರ್ಷದ ನಮ್ಮ ಅಂದಾಜು. ಚಳಿಗೆ ಬಿಳಿ ಚುಕ್ಕೆ ರೋಗ ಬಂದರೆ, ಪೈಪ್ ಸೋರಿದರೆ, ಗಿಡ ಹೆಚ್ಚು ಬೆಳೆದರೆ ಇದಕ್ಕೆ ಇನ್ನಷ್ಟು ಸೇರಿಸಿಕೊಳ್ಳಿ.

ಊರಿಗೆ ಹೋಗುವಾಗ? ದೊಡ್ಡ ಆರೋಗ್ಯವಂತ ಮೀನುಗಳು ಕೆಲವು ದಿನ ಊಟವಿಲ್ಲದೆ ಇರಬಲ್ಲವು. ಪಕ್ಕದ ಮನೆಯವರು ಕನಿಕರದಿಂದ ಒಂದು ಹಿಡಿ ಸುರಿದು ನೀರು ಕೆಡಿಸುವುದೇ ಹೆಚ್ಚಿನ ಅಪಾಯ. ದಿನದ ಪಾಲನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕೊಟ್ಟು, ಡಬ್ಬಿಯನ್ನು ಬಚ್ಚಿಟ್ಟು ಹೋಗಿ.

ಕರೆಂಟ್ ಬಿಲ್ಲನ್ನೂ ನೋಡಿಬಿಡೋಣ. 30 ವ್ಯಾಟಿನ ಫಿಲ್ಟರ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 22 ಯೂನಿಟ್, 40 ವ್ಯಾಟಿನ ದೀಪ ದಿನಕ್ಕೆ 8 ಗಂಟೆ ಉರಿದರೆ ಸುಮಾರು 10 ಯೂನಿಟ್. ಚಳಿಗಾಲದಲ್ಲಿ 300 ವ್ಯಾಟಿನ ಹೀಟರ್ ದಿನಕ್ಕೆ 6 ಗಂಟೆ ಉರಿದರೆ ಇನ್ನೂ 54 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಕೈ ನೀರಿಗಿಳಿಸುವ ಮೊದಲು ಹೀಟರ್, ಪಂಪ್ ಎಲ್ಲದರ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ವೈರ್ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೆ ಹೋಗುವಂತಿದ್ದರೆ ಅದರ ಗುಂಟ ಹರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಮನೆಯ ಲೈನಿಗೆ ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿಕೊಳ್ಳಿ.

ಇನ್ನು ತೂಕ. 400 ಕೆಜಿ ನೀರು, 12 ಮಿಲಿಮೀಟರ್ ಗಾಜಾದರೆ ಅದರದ್ದೇ ಸುಮಾರು 85 ಕೆಜಿ, ಜಲ್ಲಿ, ಸ್ಟ್ಯಾಂಡ್ ಎಲ್ಲ ಸೇರಿ 550 ಕೆಜಿ ದಾಟುತ್ತದೆ. ಇದು ನಿಲ್ಲುವುದು ಮುಕ್ಕಾಲು ಚದರ ಮೀಟರ್ ಜಾಗದಲ್ಲಿ. ನಮ್ಮ ದೇಶದ ಮಾನದಂಡದಲ್ಲಿ ಮನೆಯ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಹಾಗೆಂದು ಟ್ಯಾಂಕ್ ಇಟ್ಟ ಕೂಡಲೇ ಸ್ಲ್ಯಾಬ್ ಕುಸಿಯುತ್ತದೆ ಎಂದೇನಿಲ್ಲ, ಭಾರ ಸುತ್ತಲೂ ಹಂಚಿಹೋಗುತ್ತದೆ. ನೆಲಮಹಡಿಯಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೇಲಿನ ಮಹಡಿಯಾದರೆ ಕೋಣೆಯ ನಡುವೆ ಇಡದೆ, ತೊಲೆ ಇರುವ ಗೋಡೆಯ ಬದಿಗೆ, ಎಂಜಿನಿಯರನ್ನು ಕೇಳಿ ಇಡಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ.

ಬಿಪಿ ಇಳಿಯುತ್ತದೆಯೇ?

ಇದು ಪೂರ್ತಿ ಗಾಳಿಮಾತಲ್ಲ. ಅಮೆರಿಕದಲ್ಲಿ ಆರನ್ ಕ್ಯಾಚರ್, ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಅಕ್ವೇರಿಯಂ ನೋಡುವಾಗ ಜನರ ರಕ್ತದೊತ್ತಡ ಇಳಿಯುವುದನ್ನು 1983ರಲ್ಲಿ ವರದಿ ಮಾಡಿದ್ದರು. 2015ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿರುವ ನ್ಯಾಷನಲ್ ಮರೀನ್ ಅಕ್ವೇರಿಯಂನಲ್ಲಿ, ದೊಡ್ಡ ಟ್ಯಾಂಕಿಗೆ ಹಂತಹಂತವಾಗಿ ಮೀನು ಬಿಡುತ್ತಾ ನಡೆಸಿದ ಅಧ್ಯಯನದಲ್ಲೂ ನೋಡುಗರ ಹೃದಯಬಡಿತ, ರಕ್ತದೊತ್ತಡ ಇಳಿದದ್ದು ಕಂಡಿತು. ಆದರೆ ಇವು ನೋಡುತ್ತಿದ್ದ ಕೆಲವು ನಿಮಿಷಗಳ ಅಳತೆ. ಮನೆಯಲ್ಲಿ ಮೀನು ಸಾಕಿದರೆ ಬಿಪಿ ವಾಸಿಯಾಗುತ್ತದೆ ಎಂದು ಇವು ಹೇಳುವುದಿಲ್ಲ. ಅಲ್ಲದೆ ಅಲ್ಲಿ ಮೀನು ನೋಡಿದವರು ಬಕೆಟ್ ಹೊತ್ತಿರಲಿಲ್ಲ! ವೈದ್ಯರು ಬರೆದ ಮಾತ್ರೆಯನ್ನು ಮೀನಿನ ನೆಪದಲ್ಲಿ ನಿಲ್ಲಿಸಬಾರದು.

ಸಕ್ಕರ್ ಮೀನಿನ ವಿಷಯ

ಅಂಗಡಿಯಲ್ಲಿ ಬೆರಳುದ್ದ ಇರುವ ಸಕ್ಕರ್ ಮೀನು ಒಂದೂವರೆ ಅಡಿಯವರೆಗೆ ಬೆಳೆಯಬಲ್ಲದು. ಮರಿಯಾಗಿದ್ದಾಗ ಪಾಚಿ ತಿನ್ನುವುದು ನಿಜ. ದೊಡ್ಡದಾದ ಮೇಲೆ ಅದು ಹಾಕುವ ಹಿಕ್ಕೆ ನೋಡಿದವರು ಅದನ್ನು ಕ್ಲೀನರ್ ಎಂದು ಕರೆಯುವುದಿಲ್ಲ. ಆಗ ಜನ ಮಾಡುವುದೇನು? ಕತ್ತಲಾದ ಮೇಲೆ ಕೆರೆಗೆ ಬಿಟ್ಟುಬರುತ್ತಾರೆ. ಪುಣ್ಯದ ಕೆಲಸ ಎಂದುಕೊಳ್ಳುವವರೂ ಇದ್ದಾರೆ.

ದಕ್ಷಿಣ ಅಮೆರಿಕ ಮೂಲದ ಈ ಮೀನು ಈಗ ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ಬೇರೂರಿದೆ. ಮೈಮೇಲೆ ಗಟ್ಟಿ ಕವಚ, ತಿನ್ನುವವರು ಕಡಿಮೆ, ದಡದಲ್ಲಿ ಬಿಲ ತೋಡುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಎಂಬ ಉತ್ತರ ಅಮೆರಿಕದ ಬೇಟೆಗಾರ ಮೀನು ಸಿಕ್ಕಿತ್ತು. ಅದೂ ಅಕ್ವೇರಿಯಂನವರು ಸಾಕುವ ಮೀನೇ. ಸಾಕಲಾಗದ ಮೀನನ್ನು ತಂದ ಅಂಗಡಿಗೇ ವಾಪಸ್ ಕೊಡಿ, ಬಹಳ ಅಂಗಡಿಯವರು ತೆಗೆದುಕೊಳ್ಳುತ್ತಾರೆ. ಇಲ್ಲವೇ ಸಾಕುವ ಬೇರೆಯವರನ್ನು ಹುಡುಕಿ. ಕೆರೆಗೆ ಮಾತ್ರ ಬೇಡ.

ದಾವಣಗೆರೆಯ ಓದುಗರಿಗೆ ನಾವು ಬರೆದದ್ದು ಹೀಗಿತ್ತು: ಮೀನು ಬೇಕೇ ಬೇಕು ಎಂದಾದರೆ 2 ಅಡಿ ಉದ್ದದ, 60 ಲೀಟರ್ ಆಸುಪಾಸಿನ ಟ್ಯಾಂಕ್ ನೋಡಿ. ಅದರಲ್ಲಿ ಎಂಟು ಹತ್ತು ಗಪ್ಪಿ, ಎಲ್ಲವೂ ಗಂಡು. ಹೆಣ್ಣೂ ಇದ್ದರೆ ಮೂರು ತಿಂಗಳಲ್ಲಿ ಎಣಿಸಲಾಗುವುದಿಲ್ಲ. ವಾರಕ್ಕೆ ಒಂದು ಬಕೆಟ್ ನೀರು, ಅದನ್ನೂ ಮಗ್ಗಿನಲ್ಲಿ ತೆಗೆದು ಮಗ್ಗಿನಲ್ಲಿ ಹಾಕಬಹುದು. ಮೊದಲ ತಿಂಗಳು ಎರಡೇ ಮೀನು, ಚಿಟಿಕೆ ಊಟ. 4 ಅಡಿಯದ್ದೇ ಆಗಬೇಕು ಎಂದರೆ ಪ್ರತಿ ಭಾನುವಾರ ಪೈಪ್ ಹಿಡಿಯುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ.

ಎರಡು ದಿನ ಬಿಟ್ಟು ಉತ್ತರ ಬಂತು. "ನಿಮ್ಮ ಬಕೆಟ್ ಲೆಕ್ಕ ಮಗನಿಗೆ ಕಳಿಸಿದೆ. ಓದಿ ಸುಮ್ಮನಾದ. ಆಮೇಲೆ ಫೋನ್ ಮಾಡಿ ನಮ್ಮ ಟಿವಿ ಸ್ಟ್ಯಾಂಡ್ ಎಷ್ಟು ಉದ್ದ ಇದೆ ಅಂತ ಕೇಳಿದ. ಎರಡೂವರೆ ಅಡಿ ಅಂದೆ."